ಎದೆಗೆ ನೀರು ಸೇರಿದರೆ ಸೂಜಿಗೆ ಅಂಜಬೇಡಿ



ಎದೆಗೆ ನೀರು ಸೇರಿದವರಿಗೆ ಡಾಕ್ಟರು ಬೆನ್ನ ಕಡೆಯಿಂದ ಸೂಜಿ ಹಾಕಿ ನೀರು ತೆಗೆಯುವುದುಂಟು. ಇದರಿಂದ ಕೈಕಾಲು ಬಿದ್ದುಹೋಗುವುದೆಂದು ಹೆದರಿ, ಪಕ್ಕೆಗೆ ಬರೆ ಹಾಕಿಸಿಕೊಂಡು ಮನೆಯಲ್ಲೇ ನರಳುವವರಿದ್ದಾರೆ. ಸೂಜಿ ಹೋಗುವುದು ಪಕ್ಕೆಲುಬುಗಳ ನಡುವೆ; ಬೆನ್ನುಹುರಿಯ ಗೊಡವೆಯೇ ಅದಕ್ಕಿಲ್ಲ. ಬರೆಯಿಂದ ಹುಣ್ಣಾದೀತೇ ಹೊರತು ಒಂದು ತೊಟ್ಟು ನೀರೂ ಇಳಿಯದು.

ಶ್ವಾಸಕೋಶದ ಸುತ್ತ ಎರಡು ಪದರದ ತೆಳುವಾದ ಪೊರೆಯಿದೆ. ಪದರಗಳ ನಡುವೆ ಕೀಲೆಣ್ಣೆಯಂತೆ ಕೆಲವು ಚಮಚೆ ನೀರಿರುವುದು ಸಹಜ. ಕ್ಷಯ, ನ್ಯುಮೋನಿಯ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ, ಕ್ಯಾನ್ಸರ್ ಇವುಗಳಿಂದ ಅದು ಲೀಟರುಗಟ್ಟಲೆ ಆಗಬಹುದು. ಆಗ ಶ್ವಾಸಕೋಶ ಅರಳಲು ಜಾಗವಿಲ್ಲದೆ ಏದುಸಿರು ಬರುತ್ತದೆ. ಪ್ರಾಯದವರಲ್ಲಿ ಒಂದೇ ಪಕ್ಕೆಯ ಚುಚ್ಚುನೋವು, ಒಣಕೆಮ್ಮು, ಸಂಜೆಯ ಜ್ವರ ಕಂಡರೆ ಕ್ಷಯವನ್ನು ಶಂಕಿಸಲೇಬೇಕು.

ರೋಗಿಯನ್ನು ಕೂರಿಸಿ, ಎದುರಿನ ಮೇಜಿನ ಮೇಲೆ ದಿಂಬಿಟ್ಟು, ಅದರ ಮೇಲೆ ತೋಳೂರಿ ಬಾಗುವಂತೆ ಹೇಳುತ್ತಾರೆ. ಎಕ್ಸ್‌ರೇ, ಸ್ಕ್ಯಾನಿಂಗ್‌ಗಳಿಂದ ನೀರಿರುವ ಜಾಗ ಗೊತ್ತುಮಾಡಿ, ಅಲ್ಲಿ ಮರಗಟ್ಟುವ ಔಷಧ ಚುಚ್ಚಿ, ಪಕ್ಕೆಲುಬಿನ ಮೇಲಂಚನ್ನು ಹಿಡಿದು ಸೂಜಿ ಹಾಕುತ್ತಾರೆ. ಕೆಳ ಅಂಚಿನಲ್ಲಿ ರಕ್ತನಾಳವೂ ನರವೂ ಹಾದುಹೋಗಿರುವುದರಿಂದ ಈ ಎಚ್ಚರಿಕೆ. ಆ ಹೊತ್ತಿನಲ್ಲಿ ಅಲುಗಾಡಬಾರದು. ಕೆಮ್ಮು ಬರುವಂತಿದ್ದರೆ ಮೊದಲೇ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನೂ ತಿಳಿಸತಕ್ಕದ್ದು.

"ಇನ್ನೂ ಇದೆಯಲ್ಲ, ಎಲ್ಲಾ ತೆಗೆದುಬಿಡಿ ಸ್ವಾಮಿ" ಎಂದು ಮನೆಯವರು ಒತ್ತಾಯ ಮಾಡುವುದು ತರವಲ್ಲ. ಒಂದು ಸಲಕ್ಕೆ ಸಾಮಾನ್ಯವಾಗಿ 1.5 ಲೀಟರಿಗಿಂತ ಹೆಚ್ಚು ತೆಗೆಯುವುದಿಲ್ಲ. ಬಹುದಿನ ಮುದುಡಿದ್ದ ಶ್ವಾಸಕೋಶ ಒಮ್ಮೆಗೇ ಹಿಗ್ಗಿದರೆ ಅದರೊಳಗೇ ನೀರು ತುಂಬುವ ಅಪಾಯವಿದೆ. ಅಪರೂಪಕ್ಕೆ ಸೂಜಿ ತಗುಲಿ ಗಾಳಿ ಸೋರುವುದೂ ಉಂಟು. ಆದುದರಿಂದ ನಂತರ ಏದುಸಿರು ಹೆಚ್ಚಿದರೆ ಕೂಡಲೆ ಡಾಕ್ಟರಿಗೆ ಹೇಳಬೇಕು.

ಕೀವಾಗಿದ್ದರೆ ಸೂಜಿ ಸಾಲದು. ಕೊಳವೆ ಇಟ್ಟು, ನೀರಿರುವ ಸೀಸೆಗೆ ಜೋಡಿಸುತ್ತಾರೆ. ಆ ಸೀಸೆಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಎತ್ತಲೇಬಾರದು.

ನೀರು ಇಳಿದೊಡನೆ ಉಸಿರು ಹಗುರಾಗುತ್ತದೆ. ಜನ ಮೋಸಹೋಗುವುದು ಇಲ್ಲಿಯೇ. ನಾನು ವ್ಯವಸಾಯ ಕಲಿತವನು, ನನಗೆ ತಿಳಿದ ಮಾತಿನಲ್ಲೇ ಹೇಳುತ್ತೇನೆ: ಒರತೆ ನಿಲ್ಲದೆ ಬರಿದೆ ಮೊಗೆದರೆ ಬಾವಿ ಬತ್ತೀತೆ? ತೆಗೆದ ನೀರನ್ನು ಪರೀಕ್ಷೆಗೆ ಕಳಿಸುವುದು ಒರತೆ ಯಾವುದೆಂದು ಅರಿಯಲಿಕ್ಕೆ. ಕ್ಷಯವೆಂದು ತಿಳಿದರೆ ಸಾಮಾನ್ಯವಾಗಿ 6 ತಿಂಗಳು, ಒಂದು ದಿನವೂ ಬಿಡದೆ, ಗುಳಿಗೆ ನುಂಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ನಿಕ್ಷಯ ಪೋಷಣ ಯೋಜನೆಯಂತೆ ಆಹಾರಕ್ಕಾಗಿ ಕೊಡುವ ಹಣವನ್ನು 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಸಲಾಗಿದೆ. ಅದು ರೋಗಿಯ ಖಾತೆಗೇ ಸೇರುವುದರಿಂದ, ಆಸ್ಪತ್ರೆಗೆ ಹೋಗುವಾಗ ಬ್ಯಾಂಕಿನ ಪಾಸ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ.