ಮೇವು ಮುಟ್ಟದ ಬಾತುಕೋಳಿಗೆ ನಳಿಕೆಯಲ್ಲಿ ಆಹಾರ

ಬಾತುಕೋಳಿ ತನ್ನ ಕಾಯಿಲೆಯನ್ನು ಆದಷ್ಟು ದಿನ ತೋರಗೊಡುವುದಿಲ್ಲ. ಗರಿ ಉಬ್ಬಿಸಿಕೊಂಡು, ಜೊತೆಯವುಗಳಿಂದ ದೂರ ಕೂತು, ಮೇವಿನ ತಟ್ಟೆ ಕಂಡರೂ ಏಳುತ್ತಿಲ್ಲ ಎಂದರೆ ಶಕ್ತಿ ಆಗಲೇ ಬಹಳ ಕುಂದಿದೆ. ಗಾಬರಿಯಲ್ಲಿ ನಾವು ಮಾಡುವ ಮೊದಲ ಕೆಲಸ ಕೊಕ್ಕು ಬಿಡಿಸಿ ನೀರು ಸುರಿಯುವುದು. ಅದನ್ನು ಮಾತ್ರ ಮಾಡಬೇಡಿ. ಹಕ್ಕಿಯ ಉಸಿರಿನ ದ್ವಾರ ನಾಲಿಗೆಯ ಬುಡದಲ್ಲೇ ಇದೆ. ಸುರಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು.

ಮೊದಲು ಶಾಖ, ಆಮೇಲೆ ನೀರು, ಕೊನೆಗೆ ಆಹಾರ. ಆರೋಗ್ಯವಂತ ಬಾತಿನ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮೈ ತಣ್ಣಗಾದ ಹಕ್ಕಿಗೆ ಜೀರ್ಣಶಕ್ತಿ ಇರುವುದಿಲ್ಲ, ತುಂಬಿದ್ದು ಒಳಗೇ ಹುಳಿಯುತ್ತದೆ. ದೊಡ್ಡ ರಟ್ಟಿನ ಪೆಟ್ಟಿಗೆಗೆ ದಪ್ಪ ಟವೆಲ್ ಹಾಸಿ, ಒಂದು ತುದಿಗೆ ಮಾತ್ರ ಬಲ್ಬಿನ ಶಾಖ ಕೊಡಿ. ಸೆಕೆಯಾದರೆ ಇನ್ನೊಂದು ತುದಿಗೆ ಸರಿದುಕೊಳ್ಳಲಿ.

ಅಷ್ಟರಲ್ಲಿ ಪಶುವೈದ್ಯರಿಗೆ ಫೋನ್ ಮಾಡಿ. ಸಂಚಾರಿ ಪಶುಚಿಕಿತ್ಸೆಯ ಸಹಾಯವಾಣಿ 1962. ನಳಿಕೆ ಹಾಕುವುದನ್ನು ಒಮ್ಮೆ ವೈದ್ಯರ ಕೈಯಲ್ಲಿ ನೋಡಿ, ಅವರ ಎದುರೇ ಒಮ್ಮೆ ಮಾಡಿ ಕಲಿಯಬೇಕು. ಓದಿ ಮಾತ್ರ ಕೈಹಾಕುವ ಕೆಲಸ ಇದಲ್ಲ. ಒಟ್ಟೊಟ್ಟಿಗೆ ಹಲವು ಹಕ್ಕಿಗಳು ಮಂಕಾಗಿದ್ದರೆ ಅಥವಾ ಸತ್ತರೆ ಯಾವುದನ್ನೂ ಬರಿಗೈಯಲ್ಲಿ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸಿ. ಅದು ಹಕ್ಕಿಜ್ವರವೂ ಆಗಿರಬಹುದು.

ಬೇಕಾದದ್ದು ಮೆತ್ತನೆಯ ರಬ್ಬರ್ ಅಥವಾ ಸಿಲಿಕೋನ್ ನಳಿಕೆ ಮತ್ತು ದೊಡ್ಡ ಸಿರಿಂಜ್. ನಳಿಕೆಯ ಗಾತ್ರವನ್ನು ವೈದ್ಯರೇ ಹೇಳಲಿ. ಕೊಕ್ಕಿನ ತುದಿಯಿಂದ ಕುತ್ತಿಗೆಯ ಬುಡದವರೆಗೆ ಅಳೆದು ನಳಿಕೆಯ ಮೇಲೆ ಗುರುತು ಹಾಕಿ. ಸಿರಿಂಜ್ ತುಂಬಿ, ಗಾಳಿ ಹೊರಹಾಕಿ, ನಳಿಕೆಯ ತುದಿಯನ್ನು ನೀರಿಗೆ ಅದ್ದಿ.

ಒಬ್ಬರು ಹಕ್ಕಿಯನ್ನು ಟವೆಲ್‌ನಲ್ಲಿ ಸುತ್ತಿ ನೆಟ್ಟಗೆ ಹಿಡಿದುಕೊಳ್ಳಲಿ. ಎದೆ ಒತ್ತಬಾರದು, ಎದೆಗೂಡು ಅಲುಗದಿದ್ದರೆ ಹಕ್ಕಿ ಉಸಿರಾಡಲಾರದು. ಇನ್ನೊಬ್ಬರು ಕುತ್ತಿಗೆಯನ್ನು ಮೇಲಕ್ಕೆ ನೀಳವಾಗಿಸಿ, ಕೊಕ್ಕು ತೆರೆದು, ಹಕ್ಕಿಯ ಎಡಗಡೆಯಿಂದ ಒಳಸೇರಿಸಿ ಅದರ ಬಲಗಡೆಯ ಗಂಟಲಿನತ್ತ ನಳಿಕೆಯನ್ನು ಇಳಿಸಬೇಕು. ಅನ್ನನಾಳ ಇರುವುದು ಹಕ್ಕಿಯ ಬಲಕ್ಕೆ. ಎದುರು ನಿಂತವರಿಗೆ ಅದು ಎಡಗಡೆಯಾಗಿ ಕಾಣುತ್ತದೆ, ಇಲ್ಲೇ ಹಲವರು ತಪ್ಪುವುದು. ತಡೆ ಸಿಕ್ಕರೆ ಒತ್ತದೆ ಹಿಂದಕ್ಕೆ ತೆಗೆಯಿರಿ.

ಗುರುತಿನವರೆಗೆ ಇಳಿದ ಮೇಲೆ ಕುತ್ತಿಗೆಯನ್ನು ಬೆರಳಿನಿಂದ ಸವರಿ ನೋಡಿ. ಉಂಗುರ ಉಂಗುರವಾಗಿ ಗಟ್ಟಿಯಾಗಿರುವುದು ಶ್ವಾಸನಾಳ. ಅದರ ಪಕ್ಕದಲ್ಲಿ ನಿಮ್ಮ ನಳಿಕೆ ಬೇರೆಯಾಗಿ ಸಿಗಬೇಕು. ಎರಡು ಕೊಳವೆ ಸಿಗದಿದ್ದರೆ, ಹಕ್ಕಿ ಕೆಮ್ಮಿದರೆ, ಏನನ್ನೂ ಒಳಗೆ ಬಿಡದೆ ಹೊರತೆಗೆಯಿರಿ. ಎಷ್ಟೇ ಅವಸರವಿದ್ದರೂ ಈ ಪರೀಕ್ಷೆ ಬಿಡುವಂತಿಲ್ಲ.

ಮೊದಲ ಬಾರಿ ಕಿಲೋ ತೂಕಕ್ಕೆ 10 ಮಿಲಿಲೀಟರ್ ಓಆರ್‌ಎಸ್ ನೀರು ಸಾಕು. ಎರಡು ಕಿಲೋದ ಬಾತಿಗೆ 20 ಮಿ.ಲೀ. ಅದು ಇಳಿದು ಹಿಕ್ಕೆ ಹಾಕಿದ ಮೇಲೆ ತೆಳು ಆಹಾರ: ವೈದ್ಯರು ಕೊಟ್ಟ ಪುಡಿ, ಅದು ಸಿಗುವತನಕ ನೆನೆಸಿ ಅರೆದು ಬಟ್ಟೆಯಲ್ಲಿ ಸೋಸಿದ ಬಾತಿನ ಮೇವು. ಹಾಲು ಬೇಡ, ಹಕ್ಕಿಗಳಿಗೆ ಅದು ಅರಗುವುದಿಲ್ಲ. ಆಹಾರ 38ರಿಂದ 40 ಡಿಗ್ರಿ ಬಿಸಿಯಿರಲಿ. ಹೆಚ್ಚಾದರೆ ಒಳಗೆ ಸುಡುತ್ತದೆ. ನಿಧಾನವಾಗಿ ಒತ್ತಿ. ಬಾಯಲ್ಲಿ ಆಹಾರ ಕಂಡರೆ ನಿಲ್ಲಿಸಿ, ನಳಿಕೆ ತೆಗೆದು ಹಕ್ಕಿಯನ್ನು ಬಿಟ್ಟುಬಿಡಿ, ತಲೆ ಕೊಡವಿ ತಾನೇ ಹೊರಹಾಕುತ್ತದೆ. ತೆಗೆಯುವಾಗ ನಳಿಕೆಯನ್ನು ಮಡಚಿ ಹಿಡಿದರೆ ಹನಿ ಉಸಿರಿನ ದಾರಿಗೆ ಬೀಳದು. ತಲೆ ಎತ್ತಲಾಗದ, ಪ್ರಜ್ಞೆಯಿಲ್ಲದ ಹಕ್ಕಿಗೆ ಮನೆಯಲ್ಲಿ ನಳಿಕೆ ಹಾಕಲೇಬೇಡಿ.

ಮುಂದಿನ ಸಲಕ್ಕೆ ಮೊದಲು ಕುತ್ತಿಗೆಯ ಬುಡ ಮುಟ್ಟಿ ನೋಡಿ. ಇನ್ನೂ ತುಂಬಿದ್ದರೆ ಕಾಯಿರಿ. ದಿನಾ ಬೆಳಿಗ್ಗೆ ಆಹಾರಕ್ಕೆ ಮುಂಚೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಕೂತೇ ಇರುವ ಹಕ್ಕಿಯ ಎದೆಮೂಳೆಯ ಮೇಲೆ ಹುಣ್ಣಾಗುತ್ತದೆ, ಹಾಸನ್ನು ಆಗಾಗ ಬದಲಿಸಿ. ಕಣ್ಣು, ಮೂಗಿನ ತೂತು ತೊಳೆದುಕೊಳ್ಳಲು ಕೊಕ್ಕು ಮುಳುಗುವಷ್ಟು ನೀರು ಎದುರಿಗಿರಲಿ, ಆದರೆ ಈಜಲು ಬಿಡಬೇಡಿ. ತಟ್ಟೆಯಲ್ಲಿ ಸ್ವಲ್ಪ ಮೇವು ಸದಾ ಇರಲಿ. ತಾನಾಗಿ ತಿನ್ನತೊಡಗಿ, ತೂಕ ಇಳಿಯದೆ ನಿಂತಾಗ ನಳಿಕೆಯ ಊಟವನ್ನು ಒಂದೊಂದು ಹೊತ್ತಾಗಿ ಕಡಿಮೆ ಮಾಡಿ.