ಜೀಪಿನ ಹಾರ್ನಿಗೆ ಮರೆತುಹೋಗುವ ಹಾಲು

ಪ್ರಶ್ನೆ: ಅಪ್ಪನಿಗೆ 57 ವರ್ಷ, ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ವರ್ಷಗಟ್ಟಲೆ ಕುಡಿದು, ಆಸ್ಪತ್ರೆ ಸೇರಿದ ಮೇಲೆ ಬಿಟ್ಟಿದ್ದಾರೆ. ಚೀಟಿಯಲ್ಲಿ ‘ಕೊರ್ಸಕಾಫ್’ ಎಂದಿದೆ. ಫೋನ್ ನಂಬರ್ ಹೇಳಿದರೆ ತಕ್ಷಣ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ‘ಹಾಲು ಉಕ್ಕಿದರೆ ಇಳಿಸಿ’ ಅಂದಮೇಲೆ, ಆನೆ ಕ್ಯಾಂಪಿಗೆ ಹೋಗುವ ಜೀಪು ಹಾರ್ನ್ ಹೊಡೆದರೆ ಮುಗೀತು. ನೀನು ಹೇಳೇ ಇಲ್ಲ ಎನ್ನುತ್ತಾರೆ. ಮನೆ ಬಿಟ್ಟು ಕದಲದಿದ್ದರೂ ನಿನ್ನೆ ಹಾರಂಗಿಗೆ ಹೋಗಿದ್ದೆ ಅನ್ನುತ್ತಾರೆ. ಬೇಕೆಂದೇ ಮಾಡ್ತಿದ್ದಾರಾ ಡಾಕ್ಟ್ರೇ?
– ಹೆಸರು ಬೇಡ, ದುಬಾರೆ

ಉತ್ತರ: ಖಂಡಿತ ಇಲ್ಲ. ನಂಬರ್ ಒಪ್ಪಿಸಲು ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರೆ ಸಾಕು. ಆ ಶಕ್ತಿ ಕೊರ್ಸಕಾಫ್ ಎಂಬ ಈ ಮರೆವಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಉಳಿದಿರುತ್ತದೆ. ಗಮನ ಹಾರ್ನಿನತ್ತ ಹೋಯಿತೋ, ಹೇಳಿಕೊಳ್ಳುವುದು ನಿಂತಿತು. ನಮಗಾದರೆ ಅಷ್ಟರಲ್ಲಿ ಮಾತು ಒಂದಿಷ್ಟು ಒಳಗೆ ಇಳಿದಿರುತ್ತದೆ, ಹಾಲಿನ ವಾಸನೆ ಬಂದರೆ ಎದ್ದು ಓಡುತ್ತೇವೆ. ಅವರಲ್ಲಿ ಇಳಿಯುವುದೇ ಕಷ್ಟ.

ಇದನ್ನು ಅಳೆಯುವ ಪರೀಕ್ಷೆಯೊಂದಿದೆ. ಮೂರು ಅಕ್ಷರ ಹೇಳಿ, ಕೂಡಲೇ ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತ ಹಿಂದಕ್ಕೆ ಎಣಿಸಲು ಹೇಳುವುದು. 1959ರಲ್ಲಿ ಮನೋವಿಜ್ಞಾನಿಗಳಾದ ಪೀಟರ್ಸನ್ ದಂಪತಿ ಇದನ್ನು ಮಾಡಿಸಿದಾಗ, ಆರೋಗ್ಯವಂತ ವಿದ್ಯಾರ್ಥಿಗಳೇ 18 ಸೆಕೆಂಡಿನಲ್ಲಿ ಅಕ್ಷರಗಳನ್ನು ಬಹುಪಾಲು ಮರೆತಿದ್ದರು! ಮುಂದೆ ಬಾಸ್ಟನ್ನಿನಲ್ಲಿ ಸಂಶೋಧಕರಾದ ಬಟರ್ಸ್ ಮತ್ತು ಸರ್ಮಾಕ್ ಕೊರ್ಸಕಾಫ್ ರೋಗಿಗಳನ್ನು ಪರೀಕ್ಷಿಸಿದಾಗ ಅವರು ಇನ್ನೂ ಬೇಗ ಸೋತರು. ಆದರೆ ಇದರಲ್ಲಿ ಚೆನ್ನಾಗಿ ಮಾಡಿದ ಮರೆವಿನ ರೋಗಿಗಳೂ ಇದ್ದಾರೆ. ಇದೊಂದನ್ನೇ ನೆಚ್ಚಿ ರೋಗ ನಿರ್ಧರಿಸುವುದಿಲ್ಲ.

ಮೂಲ ಕಾರಣ ಬಿ1 ಜೀವಸತ್ವ, ಅಂದರೆ ಥಯಾಮಿನ್ ಕೊರತೆ. ಕುಡಿಯುವವರು ಊಟ ಬಿಡುತ್ತಾರೆ. ತಿಂದದ್ದನ್ನೂ ಕರುಳು ಸರಿಯಾಗಿ ಹೀರುವುದಿಲ್ಲ. ಹಾರಂಗಿ ಕಥೆ ಸುಳ್ಳಲ್ಲ. ನೆನಪು ಖಾಲಿಯಿದ್ದ ಕಡೆ ಹಳೆಯ ನೆನಪೊಂದು ಬಂದು ಕೂತಿದೆ, ಅವರು ಅದನ್ನು ನಂಬಿಯೇ ಹೇಳುತ್ತಾರೆ. ವಾದಕ್ಕಿಳಿಯಬೇಡಿ.

ಒಲೆ ಮಾತ್ರ ಅವರಿಗೆ ಒಪ್ಪಿಸಬೇಡಿ, ಮಾತ್ರೆಗಳನ್ನೂ ನೀವೇ ಕೊಡಿ. ಏನಾದರೂ ಹೇಳುವಾಗ ಟೀವಿ ಆರಿಸಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮುಗಿಯುವವರೆಗೆ ನಡುವೆ ಮಾತಾಡಿಸಬೇಡಿ. ತೋಟದ ಹಾಜರಿ ಪುಸ್ತಕ, ಚೆಕ್‌ರೋಲ್, ಬರೆದು ರೂಢಿಯಾದ ಕೈ ಅವರದು. ಒಂದು ನೋಟ್‌ಬುಕ್ ಕೊಡಿ, ಆದ ಕೆಲಸಕ್ಕೆ ಟಿಕ್ ಹಾಕಲಿ. ದಿನವೂ ಅದೇ ಹೊತ್ತಿಗೆ ಅದೇ ರೀತಿ ಮಾಡಿಸಿದ್ದು, ಕಲಿತ ನೆನಪಿಲ್ಲದಿದ್ದರೂ, ಕೈಗೆ ಕೂರುತ್ತದೆ.

ಮದ್ಯ ದೂರವಿದ್ದು ಥಯಾಮಿನ್, ಊಟ ಸರಿಯಾದರೆ ಕೆಲವರು ತಿಂಗಳುಗಳಲ್ಲಿ ಸುಧಾರಿಸುತ್ತಾರೆ. ಎಲ್ಲರೂ ಪೂರ್ತಿ ಅಲ್ಲ. ನಡೆಯುವಾಗ ತೂರಾಡಿದರೆ, ಎರಡೆರಡು ಕಂಡರೆ, ಹೊಸದಾಗಿ ಗಲಿಬಿಲಿ ಶುರುವಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ; ಥಯಾಮಿನ್ ಇಂಜೆಕ್ಷನ್ ತಡವಾಗಬಾರದು. ಮತ್ತೆ ಕುಡಿಯತೊಡಗಿದರೆ ಮನೆಯಲ್ಲೇ ಏಕಾಏಕಿ ಬಿಡಿಸಬೇಡಿ, ಫಿಟ್ಸ್ ಬರಬಹುದು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.