ಕೊಂಡಿ ಕಳಚಿದ್ದೆಲ್ಲಿ?

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಆಟಿಯ ಗಾಳಿಗೆ ಮುರಿದ ಮಡಲೊಂದು ತಂತಿಯ ಮೇಲೆ ಬಿದ್ದರೂ ಸಾಕು, ಅಂತರಜಾಲದ ಸಂಪರ್ಕ ಕಡಿದುಹೋಗಬಹುದು. ಆದುದರಿಂದ ಕದ್ರಿಯ ಒಂದು ಮನೆಯಲ್ಲಿ ಸಂಪರ್ಕ ನಿಂತಾಗ ಎಲ್ಲರೂ ಮಳೆಯನ್ನೇ ಶಪಿಸಿದುದು ಸಹಜವಾಗಿತ್ತು. ಮನೆಯ ಮಗಳು ಕಾಲೇಜಿನ ಪ್ರವೇಶಕ್ಕೆ ಅರ್ಜಿ ಸಲ್ಲಿಸಲು ಅಂದು ಸಂಜೆ 5 ಗಂಟೆಯೇ ಕೊನೆಯ ಗಡುವು. ಗುಡ್ಡದ ಇಳಿಜಾರಿನ ಆ ಮನೆಯಲ್ಲಿ ಮೊಬೈಲಿನ ಸಂಕೇತವೂ ಕ್ಷೀಣ.

ಅಣ್ಣನು ತಂತಿಗಳನ್ನೆಲ್ಲ ಕಿತ್ತು ಸಿಕ್ಕಿಸಿದನು. ತಂದೆಯವರು ರೂಟರನ್ನು ಐದಾರು ಬಾರಿ ಆರಿಸಿ ಹೊತ್ತಿಸಿದರು. ಒಮ್ಮೆ ಹಾಗೆ ಮಾಡುವುದು ತಪ್ಪಲ್ಲ; ಎಷ್ಟೋ ಸಣ್ಣ ತೊಡಕುಗಳು ಅದರಿಂದಲೇ ನೀಗುತ್ತವೆ. ಆದರೆ ಕೈಗೆ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಬದಲಿಸಿದರೆ ಇದ್ದ ದೋಷದ ಜೊತೆಗೆ ಹೊಸದೊಂದು ಸೇರಿಕೊಳ್ಳುವುದುಂಟು.

ಹುಡುಗಿ ಬೇರೆ ದಾರಿ ಹಿಡಿದಳು. ದೋಷ ಗಣಕಯಂತ್ರದಲ್ಲಿಯೋ ಅದರಾಚೆಗೋ? ಅದೇ ವೈಫೈಗೆ ಸೇರಿದ್ದ ಅಣ್ಣನ ಫೋನಿನಲ್ಲಿಯೂ ಏನೂ ತೆರೆಯಲಿಲ್ಲ. ಅಲ್ಲಿಗೆ ಗಣಕಯಂತ್ರ ನಿರಪರಾಧಿಯೆಂದಾಯಿತು. ಬಳಿಕ ಅವಳು 'ಪಿಂಗ್' ಎಂಬ ಆದೇಶದಿಂದ ರೂಟರಿನ ವಿಳಾಸವಾದ 192.168.1.1ನ್ನು ಕೂಗಿದಳು. ಉತ್ತರ ಬಂದಿತು. ಹೊರಜಗತ್ತಿನ 8.8.8.8ನ್ನು ಕೂಗಿದಾಗ ಉತ್ತರವಿಲ್ಲ. (ಅಲ್ಲಿಂದ ಉತ್ತರ ಬಂದೂ ಹೆಸರು ಹೇಳಿ ಕರೆದ ಜಾಲತಾಣ ಮಾತ್ರ ತೆರೆಯದಿದ್ದರೆ, ಹೆಸರನ್ನು ಸಂಖ್ಯೆಯಾಗಿಸುವ ವ್ಯವಸ್ಥೆಯನ್ನು ಸಂಶಯಿಸಬೇಕು.)

ಈ ಪಿಂಗನ್ನು 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮುಸ್ ಎಂಬವರು ಬರೆದರು. ಅವರ ಜಾಲದಲ್ಲಿಯೂ ಏನೋ ತೊಡಕಿತ್ತು. ಒಂದೇ ಸಂಜೆಯಲ್ಲಿ ಈ ಉಪಾಯ ಸಿದ್ಧವಾಯಿತು. ನೀರೊಳಗೆ ಶಬ್ದವನ್ನು ಕಳುಹಿಸಿ ಪ್ರತಿಧ್ವನಿಯನ್ನು ಆಲಿಸುವ ಸೋನಾರಿನಿಂದ ಅದಕ್ಕೆ ಹೆಸರು ಬಂದಿತು. ಮೀನಿನ ಹಿಂಡನ್ನು ಅರಸುವ ದೋಣಿಗಳ ಉಪಕರಣದ ತತ್ತ್ವವೂ ಇದೇ.

ಹಾಗಾದರೆ ಕೊಂಡಿ ಕಳಚಿದ್ದು ರೂಟರಿನಾಚೆ. ಅವಳು ಗೋಡೆಯ ಪೆಟ್ಟಿಗೆಯನ್ನು ನೋಡಿದಳು. 'ಎಲ್‌ಒಎಸ್' ಎಂಬ ಅಕ್ಷರಗಳ ಬಳಿ ಕೆಂಪು ದೀಪ ಮಿನುಗುತ್ತಿತ್ತು. ಬೆಳಕು ಬರುತ್ತಿಲ್ಲವೆಂದು ಅದರ ಅರ್ಥ. ಏಕೆಂದರೆ ಆ ಮನೆಗೆ ಬರುವ ತಂತಿಯಲ್ಲಿ ಹರಿಯುವುದು ವಿದ್ಯುತ್ತಲ್ಲ, ಕಣ್ಣಿಗೆ ಕಾಣದ ಬೆಳಕು. ಅದರೊಳಗಿನ ಗಾಜಿನ ಎಳೆಯ ದಪ್ಪ 125 ಮೈಕ್ರೋಮೀಟರ್. ಬೆಳಕು ಸಾಗುವ ತಿರುಳು ಸುಮಾರು 9 ಮೈಕ್ರೋಮೀಟರ್ ಮಾತ್ರ. ಎಳೆ ತುಂಡಾಗಬೇಕೆಂದಿಲ್ಲ, ಬಿಗಿಯಾಗಿ ಬಾಗಿದರೂ ಬೆಳಕು ಹೊರಕ್ಕೆ ಸೋರಿಹೋಗುತ್ತದೆ. ಅದರ ತುದಿಯನ್ನು ಕಳಚಿ ಕಣ್ಣಿಟ್ಟು ನೋಡುವುದು ಮಾತ್ರ ಅಪಾಯಕರ.

ಹೊರಗಿನ ತಂತಿಯೇ ಕಡಿದಿದ್ದರೆ ಸೇವಾದಾರರಿಗೆ ತಿಳಿಸುವುದಲ್ಲದೆ ಬೇರೆ ಉಪಾಯವಿರಲಿಲ್ಲ. ಆದರೂ ಅವಳು ಪೆಟ್ಟಿಗೆಯಿಂದ ಕಿಟಕಿಯವರೆಗೆ ತಂತಿಯ ಜಾಡು ಹಿಡಿದು ನಡೆದಳು. ಹಿಂದಿನ ರಾತ್ರಿ ಹಂಚಿನ ಸಂದಿಯಿಂದ ನೀರು ತೊಟ್ಟಿಕ್ಕಿತೆಂದು ತಾಯಿ ಕಪಾಟನ್ನು ಗೋಡೆಗೆ ಒತ್ತರಿಸಿದ್ದರು. ತಂತಿ ಅದರ ಹಿಂದೆ ಮಡಚಿಕೊಂಡಿತ್ತು.

ಅಣ್ಣ ತಂಗಿಯರು ಕಪಾಟನ್ನು ಒಂದು ಗೇಣು ಈಚೆಗೆ ಎಳೆದು ತಂತಿಯನ್ನು ಸಡಿಲಿಸಿದರು. ಕೆಂಪು ದೀಪ ಆರಿತು. ತುಸು ಹೊತ್ತಿನಲ್ಲಿ ಹಸಿರು ದೀಪ ಸ್ಥಿರವಾಗಿ ನಿಂತಿತು. ಆಗ ಗಂಟೆ ನಾಲ್ಕೂವರೆ. ಹೊರಗೆ ಮಳೆ ಸುರಿಯುತ್ತಲೇ ಇತ್ತು.